ಇಪ್ಪತ್ತೇಳನೆಯ ಹಾಸು

ನದಿಯ ಈಚೆ ದಡದಲ್ಲಿ ಒಂದು ಊರಿತ್ತು. ಆ ಊರಿನ ಜನ ಜಗಳವನ್ನೇ ಆಡುತ್ತಿರಲಿಲ್ಲ. ಆಹಾ, ಎಂಥಾ ಊರು ಅಂತ ಈಗಲೇ ತಲೆದೂಗಬೇಡಿ, ಪೂರ್ತಿ ಕೇಳಿ. ಅವರಿಗೂ ಸಿಟ್ಟು ಬರುತ್ತಿತ್ತು, ನಮಗೆ ನಿಮಗೆ ಬರುವ ಹಾಗೆಯೇ, ಊಟಕ್ಕೆ ಸ್ವಲ್ಪ ಮುಂಚೆ. ಆದರೆ ಸಿಟ್ಟು ಬಂದವರು ಬಾಯಿ ಬಿಡುತ್ತಿರಲಿಲ್ಲ, ಹಾಸುಗಾರನನ್ನು ಕರೆಸುತ್ತಿದ್ದರು. ಅವನು ಬಂದು, ಮನೆಯ ಮೆಟ್ಟಿಲ ಮೇಲೆ, ಕೆಳಗಿನ ಮೆಟ್ಟಿಲಿಂದ ಮೇಲಿನ ಮೆಟ್ಟಿಲವರೆಗೆ ದಪ್ಪನೆಯ ಹಾಸು ಹಾಸಿ, ಕೆಳಗೆ ಎರಡು ಮೇಲೆ ಎರಡು ಮೊಳೆ ಹೊಡೆದು ಹೋಗುತ್ತಿದ್ದ. ಅಲ್ಲಿಗೆ ಆ ಮಾತು ಮುಚ್ಚಿತು. ಬೇರೆ ಊರುಗಳಲ್ಲಿ ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ ಅಂತಾರಲ್ಲ, ಆ ಊರಲ್ಲಿ ಹಾಸುಗಾರ ಬರೋ ತನಕ.

ಹಳೆಯದನ್ನು ತೆಗೆದು ಹೊಸದನ್ನು ಹಾಸುವುದಲ್ಲ ಮತ್ತೆ. ಹಳೆಯದರ ಮೇಲೇ ಹೊಸದು, ಅದರ ಮೇಲೆ ಇನ್ನೊಂದು. ಹಾಸಿದ್ದನ್ನು ಕೇಳಬಾರದು, ಹಾಸಿದ್ದನ್ನು ಕೀಳಬಾರದು. ಇದು ಆ ಊರಿನ ಕಟ್ಟಳೆ. ಹುಟ್ಟಿದ ಕೂಸಿಗೆ ಬಜೆ ತೇಯ್ದು ನೆಕ್ಕಿಸುವಾಗಲೇ ಈ ಮಾತನ್ನೂ ನೆಕ್ಕಿಸಿಬಿಡುತ್ತಿದ್ದರು. ಯಾರ ಮನೆಯ ಮೆಟ್ಟಿಲು ಎಷ್ಟು ದಪ್ಪವೋ ಅವರು ಅಷ್ಟು ಮರ್ಯಾದಸ್ಥರು. ಹೆಣ್ಣು ನೋಡಲು ಬಂದವರು ಹೆಣ್ಣಿಗಿಂತ ಮುಂಚೆ ಮೆಟ್ಟಿಲು ನೋಡುತ್ತಿದ್ದರು. ಒತ್ತಿ ನೋಡಿ, "ಪರವಾಗಿಲ್ಲ, ಒಳ್ಳೇ ಮೆತ್ತಗಿದೆ, ಸಂಸ್ಕಾರವಂತರು" ಅನ್ನುತ್ತಿದ್ದರು.

ಊರಿನ ನಡುವೆ ಒಂದು ಮನೆ. ಮಗಳ ಮದುವೆಗೆಂದು ಅಪ್ಪ ಹೊಸದಾಗಿ ಕಟ್ಟಿಸಿಕೊಟ್ಟದ್ದು. ಹದಿನಾರು ಕಲ್ಲು ಮೆಟ್ಟಿಲು, ಮೊಳೆ ಹೊಡೆಯಲು ಎರಡೂ ಬದಿಗೆ ಮರದ ಪಟ್ಟಿ, ಮೇಲೆ ಒಂದು ಕೋಣೆ, ಆ ಕೋಣೆಗೆ ಮೆಟ್ಟಿಲ ಕಡೆಗೆ ತೆರೆಯುವ ಬಾಗಿಲು. ಆ ಮಗಳೇ ಈ ಕಥೆಯ ಮನೆಯಾಕೆ. ಅವಳ ಗಂಡ ನದಿಯ ಆಚೆ ದಡದವನು, ಮನೆ ಅಳಿಯನಾಗಿ ಬಗಲಲ್ಲಿ ಒಂದು ಗಂಟು ಇಟ್ಟುಕೊಂಡು ದೋಣಿ ಇಳಿದವನು. ಅವನು ಏನೇ ಎಡವಟ್ಟು ಮಾಡಿದರೂ ಊರಿನವರು, "ಪಾಪ, ಆಚೆ ದಡದೋರು, ಅವರಿಗೇನು ಗೊತ್ತು" ಅಂತ ಕ್ಷಮಿಸಿಬಿಡುತ್ತಿದ್ದರು. ಮನೆಯಾಕೆ ಕ್ಷಮಿಸುತ್ತಿರಲಿಲ್ಲ, ಹಾಸುತ್ತಿದ್ದಳು. ನೋಡಿ ನೋಡಿ ಅವನೂ ಕಲಿತ. ಮೂವತ್ತೊಂದು ವರ್ಷದಲ್ಲಿ ಇಬ್ಬರೂ ಸೇರಿ ಇಪ್ಪತ್ತಾರು ಹಾಸು ಹಾಸಿದ್ದರು.

ಇಪ್ಪತ್ತಾರು ಹಾಸಿನ ಕೆಳಗೆ ಮೆಟ್ಟಿಲು ಎಲ್ಲಿ ಉಳಿದೀತು? ಅಂಚು ಮುಚ್ಚಿ, ಮೂಲೆ ತುಂಬಿ, ಹದಿನಾರೂ ಸೇರಿ ಒಂದು ಮೆತ್ತನೆಯ ಜಾರುಬಂಡೆಯಾಗಿತ್ತು. ಒಂಬತ್ತು ವರ್ಷದ ಹಿಂದೆ, ಹಾಸು ಇನ್ನೂ ಹದಿನೇಳಿದ್ದಾಗಲೇ, ಗಂಡ ಮುನಿಸಿಕೊಂಡು ಮೇಲೆ ಹೋದ. ಮಾರನೆಯ ಬೆಳಿಗ್ಗೆ ಇಳಿಯಲು ಕಾಲಿಟ್ಟವನು ಜಾರಿ, ಕೂತ ಭಂಗಿಯಲ್ಲೇ ಅಡುಗೆಮನೆಯ ಬಾಗಿಲವರೆಗೆ ಬಂದ. ಬೇಕೆಂದೇ ಹಾಗೆ ಬಂದವನಂತೆ ಎದ್ದು, ಒಂದು ಲೋಟ ನೀರು ಕುಡಿದು, ನಾಲ್ಕು ಜನರ ಕೈಯಲ್ಲಿ ತಳ್ಳಿಸಿಕೊಂಡು ಮತ್ತೆ ಮೇಲೆ ಹೋದ. ಹೋದವನು ಇಳಿಯಲಿಲ್ಲ. ಮನೆಯಾಕೆಯೂ ಒಂದು ಸಲ ಹತ್ತಲು ನೋಡಿದಳು. ಎಂಟನೆಯ ಮೆಟ್ಟಿಲಿರಬೇಕಾದ ಜಾಗದಿಂದ ವಾಪಸು ಬಂದಳು. ಹೇಗೆ ಬಂದಳು ಅಂತ ನಾನು ಹೇಳುವುದಿಲ್ಲ, ನಾನು ಅವಳ ಕಡೆಯವನು.

ಅಂದಿನಿಂದ ಊಟ ಬುಟ್ಟಿಯಲ್ಲಿ. ಹಿತ್ತಲ ಕಡೆಯ ಸರಳಿನ ಕಿಟಕಿಯಿಂದ ಅವನು ಹಗ್ಗ ಬಿಡುವುದು, ಅವಳು ಅನ್ನ, ಹುಳಿ, ಮಜ್ಜಿಗೆ ಇಟ್ಟು "ಬುಟ್ಟಿ!" ಅನ್ನುವುದು, ಅವನು "ಹೂಂ" ಅಂತ ಎಳೆದುಕೊಳ್ಳುವುದು. ಒಂಬತ್ತು ವರ್ಷದಲ್ಲಿ ಅವರ ಮಾತುಕತೆ ಇಷ್ಟೇ, ಬುಟ್ಟಿ ಮತ್ತು ಹೂಂ. ಅಷ್ಟರಲ್ಲೂ ಒಂಬತ್ತು ಹಾಸು ಹಾಸುವಷ್ಟು ಜಗಳ ಹುಟ್ಟಿಸಿಕೊಂಡು, ಜಾರದೆ ಹತ್ತಬಲ್ಲ ಹಾಸುಗಾರನನ್ನು ಅವಳು ಹೇಳಿಕಳಿಸಿ, ಅವನು ಕಿಟಕಿಯಿಂದ ಕೂಗಿ ಕರೆಸಿಕೊಂಡಿದ್ದರು ಅಂದರೆ ಅವರನ್ನು ಮೆಚ್ಚಬೇಕು.

ಹಾಸಿನ ಮೇಲೆ ಒಂದು ಏಣಿ ಒರಗಿಸಬಹುದಿತ್ತಲ್ಲ ಅಂತೀರಾ? ಒರಗಿಸಬಹುದಿತ್ತು. ಆದರೆ ಅದಕ್ಕೆ ಇಬ್ಬರಲ್ಲಿ ಒಬ್ಬರು ಏಣಿಯ ಮಾತೆತ್ತಬೇಕು. ಮೊದಲು ಯಾರು ಎತ್ತುವುದು?

ಒಂದು ದಿನ ಮಧ್ಯಾಹ್ನ ಬುಟ್ಟಿ ಇಳಿದು ಬಂತು. ಒಳಗೆ ಹುಳಿಯ ಬಟ್ಟಲು ಬೋರಲು ಬಿದ್ದಿತ್ತು. ಬಿದ್ದಿತ್ತು ಅಲ್ಲ, ಹಾಕಿತ್ತು, ನೀಟಾಗಿ, ತಟ್ಟೆಯ ನಟ್ಟನಡುವೆ. ಆ ಊರಲ್ಲಿ ಬಟ್ಟಲು ಬೋರಲು ಹಾಕಿ ಕಳಿಸಿದರೆ ಒಂದೇ ಅರ್ಥ, ನಿನ್ನ ಅಡುಗೆಯೂ ಸಾಕು, ನೀನೂ ಸಾಕು. ಮನೆಯಾಕೆಯ ಕಿವಿ ಬಿಸಿಯಾಯಿತು. ಹುಳಿಗೆ ಉಪ್ಪು ಹಾಕಿದ್ದೆನೋ ಇಲ್ಲವೋ ಅಂತ ಒಂದು ಗಳಿಗೆ ಅನುಮಾನವೂ ಬಂತು, ಅದರಿಂದ ಸಿಟ್ಟು ಇನ್ನಷ್ಟು ಏರಿತು. ಬೆಳಗಾಗುವುದೇ ತಡ, ಹಾಸುಗಾರನಿಗೆ ಹೇಳಿಕಳಿಸಿದಳು.

ಹಾಸುಗಾರ ಬಂದ. ಮೆಟ್ಟಿಲು ನೋಡಿದ, ಮೇಲಿನ ಬಾಗಿಲು ನೋಡಿದ, ತಲೆ ಕೆರೆದುಕೊಂಡ.

"ಬಣ್ಣ ಯಾವುದಾದ್ರೂ ಆಗಲಿ," ಅಂದಳು ಮನೆಯಾಕೆ. "ದಪ್ಪ ಇರಲಿ."

"ಬಣ್ಣದ ಮಾತಲ್ಲ ತಾಯಿ. ಆ ಬಾಗಿಲು ನೋಡಿ. ಈಚೆಗೆ ತೆರೆಯೋ ಬಾಗಿಲು. ಹಾಸು ಏರಿ ಏರಿ, ಈಗ ಒಂದು ಗೇಣು ತೆರೀತಿದೆ ಅಷ್ಟೆ. ಇನ್ನೊಂದು ಹಾಸಿದ್ರೆ ಅದೂ ಇಲ್ಲ. ಯಜಮಾನರು ಒಳಗೇ."

"ಒಳಗೇ ಅಂದ್ರೆ?"

"ಒಳಗೇ ಅಂದ್ರೆ ಒಳಗೇ. ಖಾಯಂ."

"ಕಿಟಕಿ ಇದೆಯಲ್ಲ!"

"ಸರಳಿನ ಕಿಟಕೀಲಿ ಬಟ್ಟಲು ಬರುತ್ತೆ, ಮನುಷ್ಯ ಬರ್ತಾನಾ ಅಮ್ಮಾ?"

ಮನೆಯಾಕೆ ಬಾಗಿಲ ಸಂದಿಯ ಕಡೆ ನೋಡಿದಳು. ಒಂಬತ್ತು ವರ್ಷದಿಂದ ಅವಳು ಗಂಡನನ್ನು ನೋಡಿದ್ದು ಕಿಟಕಿಯಲ್ಲಿ ಒಂದು ಕೈಯಾಗಿ, ಬಾಗಿಲ ಸಂದಿಯಲ್ಲಿ ಒಂದು ಮೂಗಾಗಿ. ಬೆಳಿಗ್ಗೆ ಅವಳು ಕಸ ಗುಡಿಸುವಾಗ ಆ ಮೂಗು ಒಂದು ಸಲ ಸಂದಿಗೆ ಬಂದು ಹೋಗುತ್ತಿತ್ತು. ಅದನ್ನು ನೋಡಲೆಂದೇ ಅವಳು ಮೆಟ್ಟಿಲ ಬುಡವನ್ನು ಎರಡೆರಡು ಸಲ ಗುಡಿಸುತ್ತಿದ್ದಳು. ಇದನ್ನು ಅವಳು ಯಾರಿಗೂ ಹೇಳಿರಲಿಲ್ಲ, ತನಗೆ ತಾನೂ ಹೇಳಿಕೊಂಡಿರಲಿಲ್ಲ. ಈಗ ಆ ಗೇಣೂ ಮುಚ್ಚಿಹೋಗುತ್ತದೆ ಅಂದಾಗ ಅವಳಿಗೆ ಭಯವಾಯಿತು. ಹಾಸದೆ ಬಿಡೋಣವೆಂದರೆ ಬೋರಲು ಬಟ್ಟಲು ಎದೆಯ ಮೇಲೆ ಕೂತಿತ್ತು. ಹಾಸೋಣವೆಂದರೆ ಗಂಡನೇ ಹಾಸಿನಡಿ ಹೋಗುತ್ತಿದ್ದ. ಅತ್ತ ದರಿ, ಇತ್ತ ಪುಲಿ.

"ಕಿತ್ತರೆ?" ಅಂದಳು, ಮೆಲ್ಲಗೆ.

ಹಾಸುಗಾರ ಬೆಚ್ಚಿ ಬೀದಿಯ ಕಡೆ ನೋಡಿದ. "ಆ ಮಾತು ನನ್ನ ಕಿವಿಗೆ ಬೀಳಲಿಲ್ಲ. ಕೀಳೋದು ನಮ್ಮ ಕಸುಬಲ್ಲ. ಮೊಳೆ ಹೊಡೆಯೋದು ಸುತ್ತಿಗೆ, ಬಿಡಿಸೋದು ಬಾಯಿ ಅಂತ ನಮ್ಮಜ್ಜ ಅಂತಿದ್ದ. ಅದೇನೋ ನಂಗೂ ತಿಳೀದು. ಸಂಜೆಗೆ ಹಾಸು ತರ್ತೀನಿ. ಅಷ್ಟರಲ್ಲಿ ಯೋಚನೆ ಮಾಡಿ." ಹೋಗುವಾಗ ಇಕ್ಕಳವನ್ನು ಮರೆತು ಹೋದ. ಮೂವತ್ತು ವರ್ಷದಿಂದ ಏನನ್ನೂ ಮರೆಯದ ಆಸಾಮಿ.

ಮನೆಯಾಕೆ ಸೆರಗು ಸೊಂಟಕ್ಕೆ ಸಿಕ್ಕಿಸಿ, ಇಕ್ಕಳ ಹಿಡಿದು ಮೆಟ್ಟಿಲ ಬುಡದಲ್ಲಿ ಕೂತಳು. ಎಲ್ಲಕ್ಕಿಂತ ಮೇಲಿನದು ಕೆಂಪು ಹಾಸು, ಹೋದ ವರ್ಷ ಅವಳೇ ಹಾಸಿಸಿದ್ದು. ಮೊಳೆ ಹಿಡಿದು ಎಳೆದಳು. ಗೋಡೆಗೆ ಕಾಲು ಕೊಟ್ಟು ಎಳೆದಳು. ಕುಲದೇವರ ಹೆಸರು ಹೇಳಿ ಎಳೆದಳು. ಮೊಳೆ ಅಲ್ಲಾಡಲಿಲ್ಲ. ಅದನ್ನು ಹಾಸಿಸಿದ ಕಾರಣ ನೆನಪಾಗಿ, ಬೆವರು ಒರೆಸಿಕೊಂಡು ಗೊಣಗಿದಳು: "ಉಪ್ಪಿನಕಾಯಿ ಹಾಕೋ ಅಷ್ಟೂ ತಾಳ್ಮೆ ಇಲ್ಲ ಈ ಮನುಷ್ಯನಿಗೆ. ಭರಣಿ ಮುಚ್ಚಳ ತೆಗೆಯೋದ್ರೊಳಗೆ ಬುಟ್ಟಿ ಎಳ್ಕೊಂಡಾಯ್ತು. ನಾನು ಉಪ್ಪಿನಕಾಯಿ ಕೈಯಲ್ಲಿ ಹಿಡ್ಕೊಂಡು ಪೆದ್ದಿ ಥರ ನಿಂತಿದ್ದೆ!"

ಟಣ್ ಅಂತ ಮೊಳೆ ಎದ್ದು ಹಾರಿತು. ಪಕ್ಕದ್ದೂ ಹಾರಿತು. ಮೇಲೆ ಬಾಗಿಲ ಬಳಿಯ ಎರಡೂ ಟಣ್ ಟಣ್ ಅಂದವು. ಹಿಡಿತ ತಪ್ಪಿದ ಕೆಂಪು ಹಾಸು ಸರ್ರನೆ ಜಾರಿ ಬಂದು ಮನೆಯಾಕೆಯನ್ನು ಅಡಿಯಿಂದ ಮುಡಿಯವರೆಗೆ ಮುಚ್ಚಿತು.

ಅವಳು ಹಾಸಿನೊಳಗಿಂದ ತಲೆ ತೂರಿಸಿದಾಗ ಮೇಲಿನ ಬಾಗಿಲ ಸಂದಿಯಲ್ಲಿ ಮೂಗಿನ ಜೊತೆ ಒಂದು ಕಣ್ಣೂ ಕಂಡಿತು.

"ಏನೇ ಅದು ಸದ್ದು?"

ಬುಟ್ಟಿ ಅಲ್ಲದ, ಹೂಂ ಅಲ್ಲದ ಮಾತು.

"ಹಾಸು ಕೀಳ್ತಿದೀನಿ," ಅಂದಳು.

ಕಣ್ಣು ಎರಡು ಸಲ ಮಿಟುಕಿತು. "ಉಪ್ಪಿನಕಾಯಿ ಬರುತ್ತೆ ಅಂತ ಗೊತ್ತಿರಲಿಲ್ಲ ಕಣೇ," ಅಂತು ಮೂಗು. "ಗೊತ್ತಿದ್ರೆ ಕಾಯ್ತಿರಲಿಲ್ವಾ?"

ಕೆಂಪಿನ ಕೆಳಗೆ ಹಳದಿ ಹಾಸು ಇತ್ತು. ಅದು ಅವನದು. ಅವಳು ಅದಕ್ಕೆ ಕೈಹಾಕಿ ಏನೆಲ್ಲ ಬೈದರೂ ಮೊಳೆ ಮಿಸುಕಲಿಲ್ಲ. ಆಗ ತಿಳಿಯಿತು, ಯಾರು ಹೊಡೆಸಿದರೋ ಅವರ ಬಾಯಿಂದಲೇ ಕಾರಣ ಬರಬೇಕು. "ಇದು ನಿಮ್ಮದು," ಅಂತ ಕೂಗಿದಳು. ಮೇಲಿನಿಂದ ಅವನು ಗಂಟಲು ಸರಿಮಾಡಿಕೊಂಡು ಅಂದ: "ನಿಮ್ಮಣ್ಣ ಬಂದಾಗ ನೀನು ನನ್ನ ಕುರ್ಚಿ ಕೊಟ್ಟೆ. ಕೊಟ್ಟಿದ್ದಕ್ಕಲ್ಲ. ಅವರು ಹೋದ ಮೇಲೂ ಒಂದು ವಾರ ಅದನ್ನ ಅಣ್ಣನ ಕುರ್ಚಿ ಅಂತ ಅಂದ್ಯಲ್ಲ, ಅದಕ್ಕೆ." ಟಣ್.

ಹೀಗೆ ಶುರುವಾಯಿತು. ಅವಳದೊಂದು, ಅವನದೊಂದು, ಅವಳದೆರಡು. ಅವನು ಮೀಸೆ ಬೋಳಿಸಿಕೊಂಡು ಬಾಗಿಲ ಸಂದಿಗೆ ಮೂಗಿಟ್ಟರೂ ಅವಳು ನಾಲ್ಕು ದಿನ ಗಮನಿಸದೇ ಇದ್ದದ್ದು. ಅವನು ಮೇಲೆ ಹೋಗುವ ಮುಂಚಿನ ವರ್ಷ ಅವಳು ಹೊಸ ಸೀರೆ ಉಟ್ಟಾಗ "ಪರದೆ ಬದಲಾಯಿಸಿದ್ಯಾ?" ಅಂತ ಅವನು ಕೇಳಿದ್ದು. ಒಂದೊಂದು ಹಾಸು ಜಾರಿ ಬಂದಾಗಲೂ ಬಾಗಿಲು ಒಂದಿಷ್ಟು ತೆರೆಯುತ್ತಿತ್ತು, ಗಂಡ ಒಂದಿಷ್ಟು ಕಾಣುತ್ತಿದ್ದ. ಮೂಗಾಯಿತು, ಕಣ್ಣಾಯಿತು, ಅರ್ಧ ಕೆನ್ನೆಯಾಯಿತು. ಅವನ ಕೂದಲು ಪೂರ್ತಿ ಬೆಳ್ಳಗಾಗಿತ್ತು. ಬೆಳ್ಳಗಾಗುವಾಗ ತಾನು ನೋಡಲಿಲ್ಲವಲ್ಲ ಅಂತ ಅವಳಿಗೆ ಸಂಕಟವಾಯಿತು.

ಅಷ್ಟರಲ್ಲಿ ಟಣ್ ಟಣ್ ಸದ್ದು ಕೇಳಿ ನೆರೆಯಾಕೆ ಬಂದಳು. ಬಾಗಿಲಲ್ಲೇ ಎದೆ ಮೇಲೆ ಕೈಯಿಟ್ಟುಕೊಂಡಳು.

"ಅಯ್ಯಯ್ಯೋ ಅಕ್ಕಾ! ಕೀಳ್ತಿದೀಯಾ? ಊರು ಏನನ್ನುತ್ತೆ? ಇಷ್ಟು ವರ್ಷ ಕಟ್ಟಿದ ಮರ್ಯಾದೆ!"

"ಕಿತ್ತಾಗಿದೆ ಬಿಡೇ, ಹತ್ತು ಹೋಯ್ತು."

"ಛೆ ಛೆ ಛೆ, ಇದನ್ನೆಲ್ಲ ಕಿವಿಯಿಂದ ಕೇಳಲೂಬಾರದು," ಅಂದವಳು ಮನೆಗೆ ಓಡಿಹೋಗಿ, ಮಡಿಲಲ್ಲಿ ಮಂಡಕ್ಕಿ ಕಟ್ಟಿಕೊಂಡು ಬಂದು, ಬಿದ್ದ ಹಾಸುಗಳ ರಾಶಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. "ಭಾವಾ, ಸ್ವಲ್ಪ ಗಟ್ಟಿಯಾಗಿ ಹೇಳಿ. ಇಲ್ಲಿಗೆ ಸರಿಯಾಗಿ ಕೇಳಲ್ಲ."

ಮುಂದಿನದು ಮನೆಯಾಕೆಯ ಹಾಸು, ಹೂವಿನ ಚಿತ್ತಾರದ್ದು. ಅವಳು ಸ್ವರ ಮೃದು ಮಾಡಿಕೊಂಡು, "ನಿಮ್ಮಮ್ಮ ಬಂದಿದ್ದಾಗ ನಾನು ಏನೂ ಅನ್ನದೇ ಇದ್ರೂ ನೀವು ಮುಖ ಗಂಟಿಕ್ಕಿಕೊಂಡ್ರಿ, ಅದಕ್ಕೆ ಬೇಜಾರಾಗಿ" ಅಂದಳು. ಮೊಳೆ ಕುಸುಕ್ ಅಂತ ಇನ್ನೂ ಅರ್ಧ ಬೆರಳು ಒಳಗೆ ಹೋಯಿತು.

"ಏನೂ ಅನ್ನಲಿಲ್ಲವಾ?" ಅಂತು ಮೇಲಿನ ಕೆನ್ನೆ.

"ಅಂಥದ್ದೇನೂ ಅನ್ನಲಿಲ್ಲ."

ಕುಸುಕ್. ಈಗ ಮೊಳೆಯ ತಲೆ ಮಾತ್ರ ಕಾಣುತ್ತಿತ್ತು.

"ಅಕ್ಕಾ, ಅಂದಿದ್ದೆ," ಅಂದಳು ನೆರೆಯಾಕೆ, ಮಂಡಕ್ಕಿ ಬಾಯಿಗೆ ಹಾಕಿಕೊಳ್ಳುತ್ತ. "ನನ್ನ ಹತ್ರಾನೇ ಅಂದಿದ್ದೆ. ಅತ್ತೆ ಮಾಡಿದ ರೊಟ್ಟಿಗೆ ಬಾರು ಹಾಕಿದ್ರೆ ಚಪ್ಪಲಿ ಆಗುತ್ತೆ ಅಂತ."

"ನಿನ್ನ ಬಾಯಿಗೆ ಮಣ್ಣು ಹಾಕ!" ಮನೆಯಾಕೆಯ ಮುಖ ಕೆಂಪಾಯಿತು. ತಲೆ ತಗ್ಗಿಸಿದಳು. "ಅಂದೆ. ನೀವು ಬಾಗಿಲ ಹಿಂದೆ ನಿಂತಿದ್ದು ಗೊತ್ತಿರಲಿಲ್ಲ. ಗೊತ್ತಾದ ಮೇಲೆ ನಾಚಿಕೆ ಆಯ್ತು. ನಾಚಿಕೆ ಆಗಿದ್ದಕ್ಕೆ ಸಿಟ್ಟು ಬಂತು. ಸಿಟ್ಟು ಬಂದಿದ್ದಕ್ಕೆ ಹಾಸಿಸಿದೆ."

ಟಣ್. ಮೇಲಿನಿಂದ ಒಂದು ವಿಚಿತ್ರ ಸದ್ದು ಬಂತು. ಗಂಡ ನಗುತ್ತಿದ್ದ. "ಗಟ್ಟಿ ಇರ್ತಿತ್ತು ಕಣೇ ಅಮ್ಮನ ರೊಟ್ಟಿ. ನಾನೂ ಕಿಸೇಲಿಟ್ಕೊಂಡು ಹೋಗಿ ನದಿಗೆ ಹಾಕ್ತಿದ್ದೆ."

ಆಮೇಲೆ ಅವಳ ಜ್ವರದ ಹಾಸಿನ ಸರದಿ. "ಮೂರು ದಿನ ಮಲಗಿದ್ದೆ. ಹೇಗಿದೀಯ ಅಂತ ಒಂದು ಮಾತು ಕೇಳಲಿಲ್ಲ ನೀವು. ಬಂದು ಕೇಳಿದ್ದು ಒಂದೇ, ಜೀರಿಗೆ ಡಬ್ಬಿ ಎಲ್ಲಿ ಅಂತ." ಟಣ್ ಅಂದಿತು ಮೊಳೆ. "ನಿನಗೆ ಗಂಜಿ ಕಾಯಿಸೋಕೆ ಕಣೇ ಜೀರಿಗೆ," ಅಂದ ಅವನು. "ಆಮೇಲೆ ತಂದು ಕೊಡಲಿಲ್ಲ ಯಾಕೆ?" ಅಂತ ಕೇಳಿದಳು. "ಸೀದುಹೋಯ್ತು," ಅಂದ. ಆ ಪಾತ್ರೆಯ ತಳ ಯಾಕೆ ಕಪ್ಪಗಿದೆ ಅಂತ ಹದಿನಾಲ್ಕು ವರ್ಷದಿಂದ ಉಜ್ಜುತ್ತಿದ್ದಳು ಅವಳು. ಅವನು ಒಲೆಯ ಮುಂದೆ ಕೂತು ಗಂಜಿ ಸೀಯಿಸಿಕೊಂಡ ಚಿತ್ರ ಕಣ್ಣಿಗೆ ಬಂದು ನಕ್ಕಳು.

ನಡುಹೊತ್ತಿಗೆ ಬಿಳಿಯ ಹಾಸು ಬಂತು.

ಅದನ್ನು ಇಬ್ಬರೂ ಸೇರಿ ಹಾಸಿಸಿದ್ದರು. ಕೆಳಗಿನ ಮೊಳೆ ಅವಳದು, ಮೇಲಿನ ಮೊಳೆ ಅವನದು. ಆ ವರ್ಷ ಮೇಲಿನ ಕೋಣೆಯಲ್ಲಿ ತೊಟ್ಟಿಲು ಕಟ್ಟಿ, ಹನ್ನೊಂದು ದಿನಕ್ಕೆ ಬಿಚ್ಚಿದ್ದರು. ನೆರೆಯಾಕೆ ಆ ಬಿಳುಪು ನೋಡಿದ್ದೇ ಮಂಡಕ್ಕಿಯ ಗಂಟು ಬದಿಗಿಟ್ಟು, ಸದ್ದಿಲ್ಲದೆ ಎದ್ದು ಹೋದಳು. ಅವಳಿಗೂ ಎಲ್ಲಿ ಕೂರಬೇಕು ಎಲ್ಲಿ ಏಳಬೇಕು ಅನ್ನುವುದು ಗೊತ್ತಿತ್ತು.

ಬಿಳಿಯ ಹಾಸಿನ ಅಂಚನ್ನು ಸವರುತ್ತ ಮನೆಯಾಕೆ ಅಂದಳು: "ನೀವು ಅಳಲಿಲ್ಲ. ಅದಕ್ಕೆ."

ಕೆಳಗಿನ ಮೊಳೆಗಳು ಈ ಸಲ ಹಾರಲಿಲ್ಲ, ಮೆತ್ತಗೆ ಎದ್ದು ಉರುಳಿದವು. ಮೇಲಿನವು ಹಾಗೇ ಇದ್ದವು.

"ನೀನು ಅಳೋದು ನಿಲ್ಲಿಸಲೇ ಇಲ್ಲ," ಅಂದ ಅವನು. "ಇಬ್ಬರೂ ಅತ್ತುಬಿಟ್ರೆ ಒಲೆ ಹಚ್ಚೋರು ಯಾರು ಅಂದ್ಕೊಂಡೆ. ಆಮೇಲೆ ಅಳೋಣ ಅಂತ ಇಟ್ಕೊಂಡೆ. ಆಮೇಲೆ ಅನ್ನೋದು ಬರಲೇ ಇಲ್ಲ ಕಣೇ."

ಬಿಳಿಯ ಹಾಸು ನಿಧಾನವಾಗಿ ಇಳಿದು ಬಂತು. ಅವಳು ಅದನ್ನು ರಾಶಿಗೆ ಎಸೆಯದೆ ಮಡಿಸಿ ಒಳಗಿಟ್ಟಳು. ಮೇಲೆ ಅವನು ಅಳುವುದು ಕೇಳಿಸುತ್ತಿತ್ತು. ಇಪ್ಪತ್ತೆರಡು ವರ್ಷ ತಡವಾಗಿ ಅತ್ತರೂ ಅಳು ಅಳುವೇ. ಅವಳು ಮೆಟ್ಟಿಲ ಬುಡದಲ್ಲಿ ಕೂತು ಅದು ಮುಗಿಯುವವರೆಗೆ ಕಾದಳು.

ಆಮೇಲೆ ಉಳಿದದ್ದು ಹೊಸ ಮದುವೆಯ ಕಾಲದ ಸಣ್ಣ ಸಣ್ಣ ಮುನಿಸು. ಒಂದೊಂದೇ ಟಣ್ ಟಣ್ ಅಂತ ಎದ್ದುಬಂದವು. ಜಾರುಬಂಡೆಯಲ್ಲಿ ಉಬ್ಬು ತಗ್ಗು ಕಾಣಿಸಿತು, ಮೆಟ್ಟಿಲು ಮೈ ತೋರಿಸತೊಡಗಿತು. ಬಾಗಿಲು ಒಂದು ಮೊಳ ತೆರೆದು, ಅದರಲ್ಲಿ ಗಂಡ ಅಡ್ಡವಾಗಿ ನಿಂತಿದ್ದ. ಅವನು ಮೊದಲಿಗಿಂತ ತೆಳ್ಳಗಾಗಿದ್ದ. ತನ್ನ ಅಡುಗೆ ತಿಂದೇ ತೆಳ್ಳಗಾದದ್ದೇ ಅಂತ ಅವಳಿಗೆ ಒಂದು ಚುಚ್ಚು ಚುಚ್ಚಿತು, ಆದರೆ ಆ ದಿನ ಕೈತುಂಬ ಕೆಲಸವಿತ್ತು, ಬಿಟ್ಟಳು.

ಕೊನೆಗೆ ಎರಡೇ ಉಳಿದವು. ಮೇಲೆ ಅವಳ ಹಸಿರು ಹಾಸು, ಅದರ ಕೆಳಗೆ ಎಲ್ಲಕ್ಕೂ ಮೊದಲಿನದು. ಆ ಮೊದಲಿನದು ಅವನದು.

ಮನೆಯಾಕೆಯ ಕೈ ನಿಂತಿತು. ಮೂವತ್ತೊಂದು ವರ್ಷ ಅವಳ ಒಳಗೆ ಮುರಿದುಕೊಂಡಿದ್ದ ಮುಳ್ಳು ಇದೇ. ಮದುವೆಯಾಗಿ ತಿಂಗಳಾಗಿರಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಹೊಸ ಮನೆಯ ಮೆಟ್ಟಿಲ ಮೇಲೆ ಹಾಸು. ತಾನು ಏನು ತಪ್ಪು ಮಾಡಿದೆ, ಏನು ಮಾತಾಡಿದೆ, ಎಲ್ಲಿ ಎಡವಿದೆ ಅಂತ ಅವಳು ದಿನವಿಡೀ ಹುಡುಕಿದ್ದಳು. ಕೇಳುವ ಹಾಗಿರಲಿಲ್ಲ. ಹಾಸಿದ್ದನ್ನು ಕೇಳಬಾರದು. ಸಂಜೆಗೆ ಹಾಸುಗಾರನನ್ನು ಕರೆಸಿದ್ದಳು.

"ಈ ಹಸಿರು ನನ್ನದು," ಅಂದಳು. "ಬಂದು ತಿಂಗಳಾಗಲಿಲ್ಲ, ನನ್ನ ಮೇಲೆ ಹಾಸು ಹಾಸಿದ್ರಲ್ಲ, ಅದಕ್ಕೆ ಹಾಸಿಸಿದೆ. ನಾನು ಏನು ಮಾಡಿದ್ದೆ ನಿಮಗೆ?"

ಟಣ್. ಹಸಿರು ಜಾರಿತು. ಕೆಳಗೆ ಮೊದಲನೆಯದು ಕಂಡಿತು. ಅದು ಹಾಸೂ ಅಲ್ಲ, ಅಂದು ಸಂಕಟದಲ್ಲಿ ಅವಳು ಬಗ್ಗಿ ನೋಡಿರಲಿಲ್ಲ. ಆಚೆ ದಡದ ಕುರುಬರು ನೇಯುವ ಕರಿಯ ಕಂಬಳಿಗಳು, ತುದಿಗೆ ತುದಿ ಸೇರಿಸಿ ದಪ್ಪ ದಾರದಲ್ಲಿ ಹೊಲಿದದ್ದು. ಮನೆಯಾಕೆ ಬಗ್ಗಿ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಇಕ್ಕಳ ಕೈಯಲ್ಲೇ ಉಳಿಯಿತು. ಅದಕ್ಕೆ ಒಂದೂ ಮೊಳೆ ಇರಲಿಲ್ಲ.

ಆಗ ಅವಳು ಆ ಊರಲ್ಲಿ ಯಾರೂ ಕೇಳದ್ದನ್ನು ಕೇಳಿದಳು.

"ರೀ, ಇದನ್ನ ಯಾಕೆ ಹಾಸಿದ್ರಿ?"

ಬಾಗಿಲು ಈಗ ಪೂರ್ತಿ ತೆರೆದಿತ್ತು. ಗಂಡ ಮೇಲಿನ ಮೆಟ್ಟಿಲಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ನಿಂತು ಮಕ್ಕಳ ಹಾಗೆ ನೋಡುತ್ತಿದ್ದ.

"ಚಳಿಗಾಲ ಅದು," ಅಂದ. "ಕಲ್ಲು ಮೆಟ್ಟಿಲು. ನೀನು ಬೆಳಿಗ್ಗೆ ಬೆಳಿಗ್ಗೆ ಬರಿಗಾಲಲ್ಲಿ ನೀರು ಹೊತ್ಕೊಂಡು ಹತ್ತಿ ಬರ್ತಿದ್ದೆ. ಪ್ರತಿ ಮೆಟ್ಟಿಲಿಗೂ ಸ್ ಸ್ ಅಂತಿದ್ದೆ. ನಂಗೆ ಕೇಳಿಸ್ತಿತ್ತು. ಗಂಟಲ್ಲಿ ಕಂಬಳಿ ಇದ್ವಲ್ಲ, ಒಂದು ರಾತ್ರಿ ಕೂತು ಹೊಲಿದೆ. ನಮ್ಮ ದಡದಲ್ಲಿ ಹೊಸ ಸೊಸೆ ಕಾಲಿಗೆ ಹಾಸೋದುಂಟು." ಕಂಬಳಿಯ ಹೊಲಿಗೆಯನ್ನು ಕಾಲ್ಬೆರಳಲ್ಲಿ ಸವರಿದ. "ಮಾರನೇ ದಿನ ನೋಡಿದ್ರೆ ನೀನು ಅದರ ಮೇಲೆ ಹಸಿರು ಹಾಸಿಸಿದ್ದೆ. ಒರಟು ಕಂಬಳಿ, ನಿಂಗೆ ಹಿಡಿಸಲಿಲ್ಲ ಅಂದ್ಕೊಂಡೆ. ಆಚೆ ದಡದ್ದು ಅಂತ ಮುಚ್ಚಿಬಿಟ್ಟೆ ಅಂದ್ಕೊಂಡೆ."

ಮನೆಯಾಕೆ ಕೆಳಗಿನ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಅಳು ಬಂತು. ಅದಕ್ಕಿಂತ ಹೆಚ್ಚು ಸಿಟ್ಟು ಬಂತು, ಗಂಡನ ಮೇಲಲ್ಲ, ಊರಿನ ಮೇಲೆ, ಬಜೆಯ ಜೊತೆ ನೆಕ್ಕಿದ ಆ ಮಾತಿನ ಮೇಲೆ. ಒಂದು ಬೆಳಿಗ್ಗೆ, ಒಂದು ಸಲ, 'ಇದೇನ್ರೀ ಇದು' ಅಂದಿದ್ದರೆ ಆಗುತ್ತಿತ್ತು. ಎರಡು ಪದ.

"ಹೇಳಬಾರದಿತ್ತಾ?" ಅಂದಳು.

"ಕೇಳಬಾರದಿತ್ತಾ?" ಅಂದ.

ಅವಳು ಎದ್ದು ಕಂಬಳಿಯ ಮೇಲೆ ಕಾಲಿಟ್ಟಳು. ಒರಟಾಗಿತ್ತು, ಚುಚ್ಚುತ್ತಿತ್ತು. ಬೆಚ್ಚಗೂ ಇತ್ತು. ಒಂದೊಂದೇ ಮೆಟ್ಟಿಲು ಹತ್ತಿದಳು. ಅವನು ಮೇಲಿನಿಂದ ಇಳಿಯಲು ಹೋದ. ಒಂಬತ್ತು ವರ್ಷ ಮೆಟ್ಟಿಲು ಕಾಣದ ಮೊಣಕಾಲು ಮಾತು ಕೇಳಲಿಲ್ಲ. ಕೂತು, ಚಿಕ್ಕ ಮಕ್ಕಳು ಇಳಿಯುವ ಹಾಗೆ ಒಂದೊಂದೇ ಮೆಟ್ಟಿಲು ಸರಿದು ಬಂದ. ಎಂಟನೆಯ ಮೆಟ್ಟಿಲಲ್ಲಿ ಇಬ್ಬರೂ ಎದುರಾದರು. ಅವಳು ಅವನ ಬಿಳಿ ಕೂದಲನ್ನು ಕೈಯಿಂದ ಒಮ್ಮೆ ಸರಿಮಾಡಿದಳು.

"ಮುದುಕರಾಗಿಬಿಟ್ರಲ್ರೀ," ಅಂದಳು.

"ನೀನೊಬ್ಬಳು ಹದಿನಾರರ ಹುಡುಗಿ," ಅಂದ.

ಹಸಿವಾಗಿತ್ತು. ಅವಳು ಇಳಿದು ಹೋಗಿ ಅನ್ನ, ಹುಳಿ ತಂದಳು. ಬುಟ್ಟಿಯಲ್ಲಿ ಅಲ್ಲ, ಕೈಯಲ್ಲಿ. ಎಂಟನೆಯ ಮೆಟ್ಟಿಲ ಮೇಲೆ ಪಕ್ಕಪಕ್ಕ ಕೂತು ಉಣ್ಣತೊಡಗಿದರು. ಎರಡು ತುತ್ತು ಇಳಿಯುವಷ್ಟರಲ್ಲಿ, ಕಿತ್ತ ಹಾಸುಗಳನ್ನು ಯಾರು ಹೊತ್ತು ಹಾಕಬೇಕು ಅಂತ ಗಟ್ಟಿ ದನಿಯಲ್ಲಿ ವಾದ ಹತ್ತಿತು. ಬೀದಿಯಲ್ಲಿ ಹೋಗುವವರು ನಿಂತು ಕೇಳಿದರು. ಆ ಊರಲ್ಲಿ ಯಾರೂ ಅಂಥ ಸದ್ದು ಕೇಳಿರಲಿಲ್ಲ.

ಇಳಿಹೊತ್ತಿಗೆ ಹಾಸುಗಾರ ಬಂದ, ಹೆಗಲ ಮೇಲೆ ನೀಲಿ ಹಾಸಿನ ಸುರುಳಿ. ಅವನ ಹಿಂದೆ ನೆರೆಯಾಕೆ, ಮಂಡಕ್ಕಿಯ ಗಂಟು ಮರೆತಿದ್ದೆ ಅನ್ನುವ ನೆಪದಲ್ಲಿ. ಹಾಸುಗಾರ ಮೆಟ್ಟಿಲು ನೋಡಿದ, ರಾಶಿ ನೋಡಿದ, ಎಂಟನೆಯ ಮೆಟ್ಟಿಲ ಮೇಲೆ ಕೂತವರನ್ನು ನೋಡಿದ.

"ತಾಯಿ, ಇಪ್ಪತ್ತೇಳನೇದು ತಂದಿದೀನಿ. ಹಾಸಲಾ?"

ಮನೆಯಾಕೆಗೆ ಆಗ ನೆನಪಾಯಿತು. ಇಷ್ಟೆಲ್ಲ ಶುರುವಾದದ್ದೇ ಅದರಿಂದ, ಅದೇ ಮರೆತುಹೋಗಿತ್ತು. ಕೈಯಲ್ಲಿದ್ದ ತುತ್ತು ಕೆಳಗಿಟ್ಟಳು.

"ಸ್ವಲ್ಪ ತಡಿಯಪ್ಪ. ಕೇಳಿ ಹೇಳ್ತೀನಿ." ಗಂಡನ ಕಡೆ ತಿರುಗಿದಳು. "ರೀ, ನಿನ್ನೆ ಬಟ್ಟಲು ಬೋರಲು ಹಾಕಿ ಕಳಿಸಿದ್ರಲ್ಲ. ಯಾಕೆ?"

"ಬೋರಲಾ?" ಗಂಡ ಹುಬ್ಬೇರಿಸಿದ. "ಓ, ಅದಾ. ತೊಳೆದಿದ್ದೆ ಕಣೇ. ನಿನ್ನ ಬೆರಳು ಊದಿಕೊಂಡಿದೆಯಲ್ಲ, ಬಾವಿ ಹತ್ರ ಪಾತ್ರೆ ಉಜ್ಜುವಾಗ ಕೈ ಒದರ್ತಿದ್ದೆ, ಕಿಟಕಿಯಿಂದ ನೋಡಿದೆ. ಒಂದು ಬಟ್ಟಲಾದ್ರೂ ಕಡಿಮೆ ಆಗಲಿ ಅಂತ ತೊಳೆದೆ. ನೀರು ಸೋರಲಿ ಅಂತ ಬೋರಲು ಹಾಕಿದೆ. ಯಾಕೆ, ಒಡೆದುಹೋಯ್ತಾ?"

ಮನೆಯಾಕೆ ಮೇಲಿನ ಬಾಗಿಲ ಕಡೆ ನೋಡಿದಳು. ಒಂದು ತೊಳೆದ ಬಟ್ಟಲಿಗಾಗಿ ಆ ಬಾಗಿಲು ಈ ಹೊತ್ತಿಗೆ ಮುಚ್ಚಿಹೋಗಿರುತ್ತಿತ್ತು.

"ಪಾಪ," ಅಂದಳು ನೆರೆಯಾಕೆ, ಅಭ್ಯಾಸಬಲದಿಂದ. "ಆಚೆ ದಡದೋರು, ಅವರಿಗೇನು ಗೊತ್ತು."

"ನಮಗೇನು ಗೊತ್ತಿತ್ತೇ?" ಅಂದಳು ಮನೆಯಾಕೆ.

ಹಾಸುಗಾರ ನೀಲಿ ಸುರುಳಿಯನ್ನು ಮತ್ತೆ ಹೆಗಲಿಗೇರಿಸಿದ. ಇಕ್ಕಳ ವಾಪಸು ಕೇಳಲು ಬಾಯಿ ತೆರೆದವನು ಕೇಳದೆ ಹೋದ. ಅದು ಹೇಗೋ ನೆರೆಯಾಕೆಯ ಮಡಿಲಲ್ಲಿ ಮಂಡಕ್ಕಿಯ ಜೊತೆ ಸೇರಿಕೊಂಡಿತ್ತು. ಅವಳ ಮನೆಯಲ್ಲಿ ಮೂವತ್ತೆರಡು ಹಾಸುಗಳಿದ್ದವು.

ಉಂಡಾದ ಮೇಲೆ ಬಟ್ಟಲನ್ನು ಗಂಡನೇ ತೊಳೆದ. ತೊಳೆದು, ಬೋರಲು ಹಾಕಲು ಹೋಗಿ, ಹೆಂಡತಿಯ ಮುಖ ನೋಡಿ, ಯಾಕೆ ಸುಮ್ಮನೆ ಅಂತ ಅಂಗಾತ ಇಟ್ಟು ಬಂದ. ಅವಳು ಎದ್ದು ಹೋಗಿ ಅದನ್ನು ಬೋರಲು ಹಾಕಿ ಬಂದಳು. ನೀರು ಸೋರಬೇಕಲ್ಲ.